ಬದುಕಿ ಬಂದವನ ಟ್ರಂಕು

ನಮ್ಮ ಅಜ್ಜನ ಎಡ ಹುಬ್ಬಿನ ಮೇಲೆ ಒಂದು ಗಾಯದ ಕಲೆ ಇತ್ತು. 1965ರ ಯುದ್ಧದಲ್ಲಿ ಗುಂಡು ಸವರಿಕೊಂಡು ಹೋದ ಜಾಗ ಅದು ಎಂದು ಮನೆಯ ಮಕ್ಕಳೆಲ್ಲ ನಂಬಿದ್ದೆವು. ಆರನೇ ಕ್ಲಾಸಿನಲ್ಲಿ ನಾನು ಆ ಗುಂಡಿನ ಮೇಲೆ ಒಂದು ಪ್ರಬಂಧವನ್ನೇ ಬರೆದು ಮೇಷ್ಟ್ರಿಂದ ಭೇಷ್ ಅನ್ನಿಸಿಕೊಂಡಿದ್ದೆ. ಅಜ್ಜ ಯಾವತ್ತೂ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಮೀಸೆಯಡಿ ನಗುತ್ತ ಎಲೆಗೆ ಸುಣ್ಣ ಸವರಿಕೊಳ್ಳುತ್ತಿದ್ದರು.

ಅವರು ತೀರಿಕೊಂಡು ವರ್ಷಗಳಾದ ಮೇಲೆ, ಬೇರೆ ಯಾವುದೋ ಕೆಲಸಕ್ಕೆ ಬರೆದ ಪತ್ರಕ್ಕೆ ಉತ್ತರವಾಗಿ ಅವರ ಭರ್ತಿ ಕಾಗದದ ಜೆರಾಕ್ಸ್ ಪ್ರತಿ ಮನೆಗೆ ಬಂತು. 1952ರದ್ದು. ಎತ್ತರ, ತೂಕ, ಎದೆಯ ಸುತ್ತಳತೆ ಎಲ್ಲ ಬರೆದು, ಕೆಳಗೆ ಗುರುತಿನ ಚಿಹ್ನೆಗಳು ಅಂತ ಒಂದು ಸಾಲು. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಕಲೆ, ಬಲ ಮುಂಗೈ ಮೇಲೆ ಮಚ್ಚೆ. ಗುಂಡು ತಗಲುವ ಹದಿಮೂರು ವರ್ಷ ಮೊದಲೇ ಗಾಯ ಆಗಿ, ಮಾಗಿ, ಹಳತೂ ಆಗಿಬಿಟ್ಟಿತ್ತು! ಮಾವ ಅದನ್ನು ಓದಿ ಹೇಳಿದಾಗ ಅಜ್ಜಿ ಮೊರದಿಂದ ತಲೆ ಎತ್ತಲಿಲ್ಲ. “ಹಲಸಿನ ಮರದಿಂದ ಬಿದ್ದದ್ದು. ನಾನು ಈ ಮನೆಗೆ ಬರೋ ಮುಂಚೆಯೇ ಇತ್ತು. ನೀವ್ಯಾರೂ ನನ್ನ ಕೇಳಲೇ ಇಲ್ಲವಲ್ಲ” ಅಂದಳು.

ಸೋಮವಾರಪೇಟೆ ಕಡೆಯ ನಮ್ಮ ಹಳ್ಳಿಯಂಥ ಊರುಗಳಲ್ಲಿ ಮನೆಗೊಬ್ಬ ಮಿಲ್ಟ್ರಿ ತಾತ ಇರುವುದು ವಿಶೇಷವೇನಲ್ಲ. ಗೋಡೆಯ ಮೇಲೊಂದು ಫೋಟೊ, ಗಾಜಿನ ಚೌಕಟ್ಟಿನಲ್ಲಿ ನಾಲ್ಕಾರು ಪದಕ, ಅಟ್ಟದ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್ ಬರೆದ ಕಪ್ಪು ಟ್ರಂಕು. ಅವರ ಕಥೆಗಳು ಮಾತ್ರ ಪ್ರತಿ ವರ್ಷ ಒಂದಿಷ್ಟು ಬೆಳೆಯುತ್ತ ಹೋಗುತ್ತವೆ. ಕಥೆ ಬೆಳೆಯುವುದಕ್ಕೆ ನನ್ನ ತಕರಾರಿಲ್ಲ, ಮನೆ ಅಂದಮೇಲೆ ಅದು ಇದ್ದದ್ದೇ. ಆದರೆ ಆ ಕಥೆಯ ಪಕ್ಕದಲ್ಲಿ ಕಾಗದ ಇಟ್ಟು ಓದಿದರೆ ಗುಂಡಿಗಿಂತ ಒಳ್ಳೆಯ ಸಂಗತಿಗಳು ಸಿಗುತ್ತವೆ. ಅದನ್ನು ಹೇಳುವುದಕ್ಕೇ ಈ ಬರಹ.

ಕಾಗದಗಳ ವಿಷಯದಲ್ಲಿ ಒಂದು ವಿಚಿತ್ರ ಇದೆ. ಯುದ್ಧದಲ್ಲಿ ಸತ್ತವನ ಹೆಸರನ್ನು ಲೋಕ ಕಾಪಾಡುತ್ತದೆ. ಇದು ನಮ್ಮಲ್ಲಿ ಹೊಸದೂ ಅಲ್ಲ. ಕನ್ನಡ ನಾಡಿನ ಹೊಲ, ಕೆರೆ ಏರಿ, ಗುಡಿಯಂಗಳಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಬೆಂಗಳೂರು ಎಂಬ ಹೆಸರು ಸಿಗುವ ಬೇಗೂರಿನ ಹಳೆಯ ಶಾಸನವೂ ಬೆಂಗಳೂರಿನ ಕಾಳಗದಲ್ಲಿ ಮಡಿದವನ ನೆನಪಿನ ಕಲ್ಲೇ. ಅದೇ ಕಾಳಗದಿಂದ ಕೈಕಾಲು ನೆಟ್ಟಗಿಟ್ಟುಕೊಂಡು ವಾಪಸು ಬಂದು, ಉತ್ತು ಬಿತ್ತು, ಮುದುಕನಾಗಿ ಸತ್ತವನಿಗೆ ಯಾರೂ ಕಲ್ಲು ಹಾಕಿಸಲಿಲ್ಲ.

ಇವತ್ತಿನ ಲೆಕ್ಕವೂ ಹಾಗೆಯೇ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತದ ಸೇನೆಯಲ್ಲಿ ಸುಮಾರು 25 ಲಕ್ಷ ಜನರಿದ್ದರು. ಅವರಲ್ಲಿ ಸತ್ತವರು 87 ಸಾವಿರದಷ್ಟು. ಆ 87 ಸಾವಿರ ಜನರ ಹೆಸರು, ಪಲ್ಟನ್, ಸತ್ತ ದಿನಾಂಕಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಜೋಪಾನವಾಗಿ ಇಟ್ಟಿದೆ. ಯಾರು ಬೇಕಾದರೂ ಮೊಬೈಲಿನಲ್ಲಿ ಹುಡುಕಬಹುದು. ತಂದೆಯ ಹೆಸರು, ಊರಿನ ಹೆಸರು ಕೂಡ ಎಷ್ಟೋ ಕಡೆ ಇವೆ. ಬರ್ಮಾದ ತೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕದ ಕಂಬಗಳ ಮೇಲೆಯೇ ಸುಮಾರು 27 ಸಾವಿರ ಹೆಸರುಗಳನ್ನು ಕೆತ್ತಿದ್ದಾರೆ. ದೆಹಲಿಯ ಇಂಡಿಯಾ ಗೇಟಿನ ಮೇಲೆ 13 ಸಾವಿರಕ್ಕೂ ಹೆಚ್ಚು. 2019ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ, ಸ್ವಾತಂತ್ರ್ಯಾನಂತರ ಮಡಿದವರದ್ದು ಸುಮಾರು 26 ಸಾವಿರ. ಎಲ್ಲ ಸರಿ. ಉಳಿದ 24 ಲಕ್ಷ ಚಿಲ್ಲರೆ ಜನ?

ಅವರು ಮನೆಗೆ ಬಂದರು. ಅವರ ಲೆಕ್ಕ ಅಟ್ಟದ ಟ್ರಂಕಿನಲ್ಲಿದೆ.

ನಮ್ಮ ಅಜ್ಜನ ಅಣ್ಣ, ನಾವು ದೊಡ್ಡಜ್ಜ ಅನ್ನುತ್ತಿದ್ದವರು, ಅಂಥವರಲ್ಲೊಬ್ಬರು. 1942ರಲ್ಲಿ ಸೇರಿ 1946ರಲ್ಲಿ ವಾಪಸಾದವರು. ಯುದ್ಧ ಮುಗಿದ ಕೂಡಲೇ ಲಕ್ಷಗಟ್ಟಲೆ ಜನರನ್ನು ಮನೆಗೆ ಕಳಿಸಿದರಲ್ಲ, ಆ ಸಂತೆಯಲ್ಲಿ ಅವರೂ ಬಂದರು. ಸಿಪಾಯಿಗೆ ಪಿಂಚಣಿ ಸಿಗಬೇಕಾದರೆ 15 ವರ್ಷದ ಸೇವೆ ಬೇಕು. ನಾಲ್ಕು ವರ್ಷದವರಿಗೆ ಕೈಗಿಷ್ಟು ದುಡ್ಡು, ರೈಲಿನ ಪಾಸು, ಅಷ್ಟೇ. ಪಿಂಚಣಿ ಇಲ್ಲದವರ ಸೇವಾ ಕಡತಗಳನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡಬಹುದು ಎಂಬುದು ಸೇನೆಯ ನಿಯಮ. ಉಳಿಯುವುದು ಲಾಂಗ್ ರೋಲ್ ಎಂಬ ದಪ್ಪ ರಿಜಿಸ್ಟರಿನ ಒಂದು ಸಾಲು ಮಾತ್ರ. ನಂಬರ್, ಹೆಸರು, ಸೇರಿದ್ದು, ಹೋದದ್ದು. ದೊಡ್ಡಜ್ಜನ ಪಕ್ಕದಲ್ಲಿ ನಿಂತು ಸತ್ತವನ ಹೆಸರು ಅರ್ಧ ನಿಮಿಷದಲ್ಲಿ ಸಿಗುತ್ತದೆ, ದೊಡ್ಡಜ್ಜನದ್ದು ಸಿಗುವುದಿಲ್ಲ. ಸಾಯದೇ ಇದ್ದದ್ದಕ್ಕೆ ಸಿಕ್ಕ ಬಹುಮಾನ ಅನ್ನಬೇಕೇನೋ.

ಅವರದ್ದು ಅಂತ ಟ್ರಂಕಿನಲ್ಲಿ ಇದ್ದದ್ದು ಎರಡೇ ವಸ್ತು. ಒಂದು, ಆರು ಮೂಲೆಯ ಕಂಚಿನ ನಕ್ಷತ್ರ. ಎರಡನೇ ಮಹಾಯುದ್ಧದ ನಕ್ಷತ್ರ ಪದಕಗಳೆಲ್ಲ ನೋಡಲು ಒಂದೇ ಥರ. ನಡುವಿನ ವೃತ್ತದಲ್ಲಿ ಬರೆದಿರುವ ರಣರಂಗದ ಹೆಸರಿನಿಂದ, ಮತ್ತು ಪಟ್ಟಿಯ ಬಣ್ಣದಿಂದ ಮಾತ್ರ ಬೇರೆ ಮಾಡಬೇಕು. ಇದರ ಪಟ್ಟಿ ಮಾಸಿದ್ದರೂ ಗಾಢ ನೀಲಿ, ನಡುವೆ ಅಗಲದ ಕೆಂಪು, ಕಿತ್ತಳೆ ಗೆರೆಗಳು ಗೊತ್ತಾಗುತ್ತಿದ್ದವು. ಅದು ಬರ್ಮಾ ಸ್ಟಾರ್. ಹಿಂಬದಿ ಬೋಳು, ಹೆಸರಿಲ್ಲ. ಎರಡನೆಯದು ಇಂಗ್ಲಿಷಿನಲ್ಲಿ ಯಾರೋ ವಿಳಾಸ ಬರೆದುಕೊಟ್ಟ ಒಂದು ಪತ್ರದ ಲಕೋಟೆ. ಒಳಗೆ ಪತ್ರವಿಲ್ಲ. ಆದರೆ ಮೇಲೆ ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆ ಇದೆ, ಅದರಲ್ಲೊಂದು ನಂಬರ್ ಇದೆ. ಸೈನಿಕ ಎಲ್ಲಿದ್ದಾನೆಂದು ಶತ್ರುವಿಗೆ ತಿಳಿಯಬಾರದು ಅಂತ ಊರಿನ ಹೆಸರಿನ ಬದಲು ನಂಬರ್ ಹಾಕುತ್ತಿದ್ದರು. ಯುದ್ಧ ಮುಗಿದ ಮೇಲೆ ಅಂಚೆ ಚೀಟಿ ಸಂಗ್ರಹದ ಹುಚ್ಚು ಹಿಡಿದವರು ಕೂತು, ಯಾವ ನಂಬರಿನ ಅಂಚೆಕಚೇರಿ ಯಾವ ತಿಂಗಳು ಎಲ್ಲಿತ್ತು ಎಂದು ಪಟ್ಟಿ ಮಾಡಿಟ್ಟಿದ್ದಾರೆ. ಸೈನಿಕನ ಮನೆಯವರಿಗೆ ಇವರಷ್ಟು ಉಪಕಾರ ಮಾಡಿದವರು ಕಡಿಮೆ. ಸ್ವಾತಂತ್ರ್ಯ ಬಂದ ಮೇಲೆಯೂ ಪದ್ಧತಿ ಬದಲಾಗಲಿಲ್ಲ. ನಮ್ಮ ಮನೆಗಳಿಗೆ ಬರುತ್ತಿದ್ದ ಇನ್‌ಲ್ಯಾಂಡ್ ಪತ್ರಗಳ ಹಿಂದೆ ‘ಕೇರ್ ಆಫ್ 56 ಎಪಿಒ’ ಅಥವಾ ‘99 ಎಪಿಒ’ ಎಂದಷ್ಟೇ ಇರುತ್ತಿತ್ತು. ಊರಿನವರು ಅದನ್ನೇ ಊರಿನ ಹೆಸರು ಅಂದುಕೊಂಡು “ನಮ್ಮ ಹುಡುಗ ಐವತ್ತಾರರಲ್ಲಿದ್ದಾನೆ” ಎಂದು ಹೇಳಿಕೊಳ್ಳುವುದೂ ಇತ್ತು. 56 ದೆಹಲಿಯ ಕಡೆಯಿಂದ, 99 ಕೋಲ್ಕತ್ತಾ ಕಡೆಯಿಂದ ವಿಂಗಡಣೆಯಾಗುವ ಅಂಚೆ. ಅಷ್ಟು ಗೊತ್ತಿದ್ದರೆ ಪಶ್ಚಿಮವೋ ಪೂರ್ವವೋ ಎಂಬುದು ಅಲ್ಲೇ ತಿಳಿಯುತ್ತದೆ.

ಪತ್ರಗಳ ಮಾತು ಬಂದಾಗ ಇನ್ನೊಂದು ತಮಾಷೆ ನೆನಪಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಸಿಪಾಯಿಗಳು ಮನೆಗೆ ಬರೆದ ಕಾಗದಗಳನ್ನು ಬ್ರಿಟಿಷರು ಒಡೆದು ಓದುತ್ತಿದ್ದರು, ಬೇಕಾದ ಭಾಗಗಳನ್ನು ಇಂಗ್ಲಿಷಿಗೆ ಇಳಿಸಿಕೊಳ್ಳುತ್ತಿದ್ದರು. ಹಳ್ಳಿ ಸೇರಿದ ಮೂಲ ಕಾಗದಗಳು ಗೆದ್ದಲಿಗೋ ಒಲೆಗೋ ಹೋದವು. ಕದ್ದು ಓದಿದವನ ನಕಲು ಮಾತ್ರ ಇವತ್ತಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರವಾಗಿದೆ.

ಬದುಕಿ ಬಂದವರನ್ನೂ ಬರೆದಿಟ್ಟ ಒಂದು ಅಪರೂಪದ ಉದಾಹರಣೆ ಪಂಜಾಬಿನದು. ಮೊದಲ ಮಹಾಯುದ್ಧ ಮುಗಿದ ಮೇಲೆ ಅಲ್ಲಿಯ ಸರ್ಕಾರ ಹಳ್ಳಿಹಳ್ಳಿಯ ಲೆಕ್ಕ ತೆಗೆಸಿ, ಯಾರು ಹೋದರು, ತಂದೆ ಯಾರು, ಯಾವ ಪಲ್ಟನ್ ಎಂದು ರಿಜಿಸ್ಟರ್ ಮಾಡಿಸಿತ್ತು. ಸುಮಾರು 26 ಸಾವಿರ ಪುಟ, 3 ಲಕ್ಷದ 20 ಸಾವಿರ ಹೆಸರು. ಸತ್ತವರ ಜೊತೆ ಬದುಕಿದವರೂ ಅದರಲ್ಲಿದ್ದಾರೆ. ಹೆಚ್ಚುಕಡಿಮೆ ನೂರು ವರ್ಷ ಅವು ಲಾಹೋರ್ ವಸ್ತುಸಂಗ್ರಹಾಲಯದ ಮೂಲೆಯಲ್ಲಿ ಬಿದ್ದಿದ್ದವು. 2021ರಲ್ಲಿ ಬ್ರಿಟನ್ನಿನ ಪಂಜಾಬಿ ಸಂಘಟನೆಯೊಂದು ಗ್ರೀನಿಚ್ ವಿಶ್ವವಿದ್ಯಾಲಯದ ಜೊತೆ ಸೇರಿ ಜಲಂಧರ್, ಲುಧಿಯಾನ, ಸಿಯಾಲ್‌ಕೋಟ್ ಜಿಲ್ಲೆಗಳ ಪುಟಗಳನ್ನು ಮೊದಲು ಎಲ್ಲರಿಗೂ ತೆರೆಯಿತು. ಗಡಿಯ ಎರಡೂ ಕಡೆಯ ಮೊಮ್ಮಕ್ಕಳು, ಮರಿಮಕ್ಕಳು ತಂತಮ್ಮ ಹಳ್ಳಿಯ ಹೆಸರು ಹೊಡೆದು ಮುತ್ತಜ್ಜನನ್ನು ಹುಡುಕಬಹುದು.

ನಮ್ಮ ಮೈಸೂರು ಲ್ಯಾನ್ಸರ್ಸ್ ಕಥೆ ಇನ್ನೊಂದು ಬಗೆಯದು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಕುದುರೆ ಏರಿ, ಭರ್ಜಿ ಹಿಡಿದು ಹೈಫಾ ಊರನ್ನು ಗೆದ್ದವರು ಇವರು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಜೋಧಪುರ, ಹೈದರಾಬಾದ್, ಮೈಸೂರು ಸಂಸ್ಥಾನಗಳ ಆ ಅಶ್ವದಳಗಳ ಗುರುತು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಕೂಡ ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕವೂ ಇದೆ. ಇಲ್ಲಿ ಮನೆತನದ ಕಾಗದ ಹುಡುಕುವವರು ತಿಳಿದಿರಬೇಕಾದ ಒಂದು ಮಾತಿದೆ. ಲ್ಯಾನ್ಸರ್ಸ್ ಮಹಾರಾಜರ ಸೇನೆ, ಬ್ರಿಟಿಷ್ ಇಂಡಿಯನ್ ಆರ್ಮಿಯ ಪಲ್ಟನ್ ಅಲ್ಲ. ಹಾಗಾಗಿ ಸೇನೆಯ ದಾಖಲೆ ಕಚೇರಿಗೆ ಬರೆಯುವ ಮೊದಲು ಮೈಸೂರು ಸರ್ಕಾರದ ಹಳೆಯ ಕಡತ ನೋಡಬೇಕು, ಅಂದರೆ ರಾಜ್ಯ ಪತ್ರಾಗಾರದ ಬಾಗಿಲು ತಟ್ಟಬೇಕು. ಎಷ್ಟೋ ಜನ ತಪ್ಪು ಬಾಗಿಲು ತಟ್ಟಿ, ಏನೂ ಇಲ್ಲ ಅನ್ನಿಸಿಕೊಂಡು ವಾಪಸು ಬರುತ್ತಾರೆ.

ಮತ್ತೆ ನಮ್ಮ ಟ್ರಂಕಿಗೆ ಬರೋಣ. ಅಜ್ಜ 1952ರಿಂದ 1973ರವರೆಗೆ 21 ವರ್ಷ ಇದ್ದು ಹವಲ್ದಾರ್ ಆಗಿ ಪಿಂಚಣಿ ಬಂದವರು. ಅವರದ್ದು ಕಾಗದದ ಮಟ್ಟಿಗೆ ಶ್ರೀಮಂತ ಬದುಕು. ಮೊದಲು ಪದಕಗಳು. ಭಾರತೀಯ ಸೇನೆಯ ದುಂಡು ಪದಕದ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ನಂಬರ್, ಹುದ್ದೆ, ಹೆಸರು, ಪಲ್ಟನ್ನಿನ ಸಂಕ್ಷಿಪ್ತ ರೂಪ ಕಾಣುತ್ತದೆ. ನಕ್ಷತ್ರದ ಆಕಾರದ್ದಾದರೆ ಹಿಂಬದಿಯಲ್ಲಿ. ಬೇರೆ ಬೇರೆ ವರ್ಷದ ಪದಕಗಳ ಅಂಚಿನಲ್ಲಿ ಹುದ್ದೆ ಬೇರೆ ಬೇರೆ ಇದ್ದರೆ, ಬಡ್ತಿ ಸಿಕ್ಕಿದ್ದು ಯಾವಾಗ ಎಂಬುದಕ್ಕೆ ಅದೇ ಸಾಕ್ಷಿ. ನಮ್ಮಲ್ಲಿ ತೊಂದರೆ ಏನಾಯಿತೆಂದರೆ, ಅಜ್ಜಿ ಪ್ರತಿ ಆಗಸ್ಟ್ 15ಕ್ಕೆ ಅವನ್ನು ಹಿತ್ತಾಳೆ ಚೊಂಬಿನ ಜೊತೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಇಪ್ಪತ್ತು ವರ್ಷ ತಿಕ್ಕಿದ ಮೇಲೆ ಅಕ್ಷರ ಉಳಿದೀತೇ? ಎರಡು ಪದಕಗಳ ಅಂಚು ಕನ್ನಡಿಯಂತಾಗಿದೆ.

ಅಜ್ಜ ಢಾಕಾದಲ್ಲಿ ಪಾಕಿಸ್ತಾನಿಗಳು ಶರಣಾಗಿದ್ದನ್ನು ಕಣ್ಣಾರೆ ಕಂಡವರು ಎಂಬುದು ನಮ್ಮ ಮನೆಯ ಇನ್ನೊಂದು ಕಥೆ. 1971ರ ಯುದ್ಧಕ್ಕೆ ಎರಡು ನಕ್ಷತ್ರಗಳಿವೆ. ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಅಜ್ಜನ ಚೌಕಟ್ಟಿನಲ್ಲಿ ಇರುವುದು ಪಶ್ಚಿಮಿ. ಢಾಕಾ ಕಥೆ ಬಹುಶಃ ಅವರು ರೇಡಿಯೊದಲ್ಲಿ ಕೇಳಿ ಹೇಳಿದ್ದು, ನಾವು ಅವರನ್ನೇ ಅಲ್ಲಿ ನಿಲ್ಲಿಸಿಬಿಟ್ಟೆವು. ಪಕ್ಕದಲ್ಲಿ ಸಂಗ್ರಾಮ್ ಮೆಡಲ್, 1965ರ ರಕ್ಷಾ ಮೆಡಲ್, ಹಿಮಾಲಯ ಎಂಬ ಪಟ್ಟಿ ಹಾಕಿದ ಸೈನ್ಯ ಸೇವಾ ಮೆಡಲ್, ಸ್ವಾತಂತ್ರ್ಯದ ಬೆಳ್ಳಿಹಬ್ಬದ್ದು, ದೀರ್ಘ ಸೇವೆಯದ್ದು ಎರಡು. ಇವುಗಳಲ್ಲಿ ಶೌರ್ಯಕ್ಕೆ ಅಂತ ಕೊಟ್ಟದ್ದು ಒಂದೂ ಇಲ್ಲ. ಎಲ್ಲವೂ ಇಂಥ ಕಾಲದಲ್ಲಿ ಇಂಥ ಜಾಗದಲ್ಲಿ ಇದ್ದದ್ದಕ್ಕೆ ಕೊಟ್ಟವು. ನನಗೆ ಅದೇ ಹೆಚ್ಚು ಅನ್ನಿಸುತ್ತದೆ. ಹಿಮಾಲಯ ಎಂಬ ಆ ಸಣ್ಣ ಲೋಹದ ಪಟ್ಟಿಯ ಹಿಂದೆ ಎಷ್ಟು ಚಳಿಗಾಲ ಇದೆ ಅಂತ ಮಲೆನಾಡಿನ ಸೆಕೆಯಲ್ಲಿ ಕೂತು ನಾವು ಯಾವತ್ತಾದರೂ ಕೇಳಿದ್ದೆವೇ?

ಫೋಟೊಗಳನ್ನೂ ತಿರುಗಿಸಿ ನೋಡಬೇಕು. ಮುಂದೆ ತೋಳಿನ ಪಟ್ಟಿಗಳು ಹುದ್ದೆ ಹೇಳುತ್ತವೆ, ಎರಡಿದ್ದರೆ ನಾಯಕ್, ಮೂರಿದ್ದರೆ ಹವಲ್ದಾರ್. ಹಿಂದೆ ಸ್ಟುಡಿಯೊದ ಸೀಲು ಊರು ಹೇಳುತ್ತದೆ. ಅಜ್ಜ ಅಜ್ಜಿಗೆ ಕಳಿಸಿದ ಒಂದು ಫೋಟೊದ ಹಿಂದೆ ಸಿಕಂದರಾಬಾದಿನ ಸೀಲಿದೆ. ಹಾಗಾಗಿ ಅವರು ಅಲ್ಲಿಯೂ ಇದ್ದರೆಂದು ನಮಗೆ ಗೊತ್ತಾಯಿತು.

ಡಿಸ್ಚಾರ್ಜ್ ಬುಕ್ಕಿನಲ್ಲಿ ಕೊನೆಗೆ ನಡತೆಗೆ ಒಂದು ಮಾತು ಬರೆದಿರುತ್ತಾರೆ. ಊರಿನ ಇನ್ನಿಬ್ಬರು ನಿವೃತ್ತರದ್ದು ‘ಎಕ್ಸೆಂಪ್ಲರಿ’, ಅಜ್ಜನದ್ದು ‘ವೆರಿ ಗುಡ್’. ಇದು ಮಾವನಿಗೆ ಒಂದು ಕೊರಗು. ಅಷ್ಟು ಶಿಸ್ತಿನ ಮನುಷ್ಯನಿಗೆ ಒಂದು ಮೆಟ್ಟಿಲು ಯಾಕೆ ಕಡಿಮೆ ಮಾಡಿದರು? ಆ ಪ್ರಶ್ನೆಗೆ ಉತ್ತರ ಆಮೇಲೆ ಸಿಕ್ಕಿತು, ಹೇಳುತ್ತೇನೆ.

ಅಜ್ಜ ತೀರಿಕೊಂಡ ಮೇಲೆ ಅಜ್ಜಿಗೆ ಕುಟುಂಬ ಪಿಂಚಣಿ ಆಗಬೇಕಿತ್ತು. ಪಿಂಚಣಿ ಆದೇಶದ ಕಾಗದ, ಅಂದರೆ ಪಿಪಿಒದಲ್ಲಿದ್ದ ಹೆಂಡತಿಯ ಹೆಸರಿಗೂ ಅಜ್ಜಿಯ ರೇಷನ್ ಕಾರ್ಡಿನ ಹೆಸರಿಗೂ ತಾಳೆಯೇ ಇಲ್ಲ. ತವರಿನಲ್ಲಿ ಕರೆಯುತ್ತಿದ್ದ ಹೆಸರು ಒಂದು, ಮದುವೆಯಲ್ಲಿ ಇಟ್ಟದ್ದು ಇನ್ನೊಂದು. ಅಜ್ಜ ಪಲ್ಟನ್ನಿನ ಗುಮಾಸ್ತನಿಗೆ ಹೇಳಿದ್ದು ಬಾಯಿಗೆ ಬಂದ ಹೆಸರು, ಗುಮಾಸ್ತ ಬರೆದದ್ದು ಕಿವಿಗೆ ಬಿದ್ದ ಹೆಸರು. ಕನ್ನಡದ ಹೆಸರನ್ನು ಹಿಂದಿಯವರು ಕೇಳಿ ಇಂಗ್ಲಿಷಿನಲ್ಲಿ ಬರೆದರೆ ಏನಾಗುತ್ತದೆಂದು ಊಹಿಸಿಕೊಳ್ಳಿ. ಸೈನಿಕನ ಮನೆಗಳಲ್ಲಿ ಇದು ಮಾಮೂಲು ರೋಗ. ಹುಟ್ಟಿದ ದಿನವೂ ಅಷ್ಟೇ. ಯಾರಿಗೂ ಗೊತ್ತಿಲ್ಲದ ದಿನವನ್ನು ಶಾಲೆಯವರು ಅಂದಾಜಿನಲ್ಲಿ ಬರೆದಿರುತ್ತಿದ್ದರು, ಭರ್ತಿಯ ದಿನ ವಯಸ್ಸು ಕಡಿಮೆ ಬಿದ್ದರೆ ಹುಡುಗ ತಾನೇ ಒಂದೆರಡು ವರ್ಷ ಸೇರಿಸಿಕೊಳ್ಳುತ್ತಿದ್ದ. ಕಾಗದದ ಪ್ರಕಾರ ನಮ್ಮ ಅಜ್ಜ ಅವರ ಅಕ್ಕನಿಗಿಂತ ಹಿರಿಯರು.

ಹೆಸರು ಸರಿಪಡಿಸಲು ಮಾವ ಪಲ್ಟನ್ನಿನ ದಾಖಲೆ ಕಚೇರಿಗೆ ಬರೆದರು. ಅರ್ಜಿ, ಅಫಿಡವಿಟ್, ಮತ್ತೆ ಅರ್ಜಿ, ಹೀಗೆ ಒಂದೂವರೆ ವರ್ಷ. ಕೊನೆಗೆ ಆದೇಶದ ಜೊತೆಗೆ ಅಜ್ಜನ ಶೀಟ್ ರೋಲಿನ ನಕಲು ಬಂತು. ಸೇನೆಯ ಮಾತು ಗೊತ್ತಿಲ್ಲದವರಿಗೆ ಹೇಳುವುದಾದರೆ, ಶೀಟ್ ರೋಲ್ ಎಂದರೆ ಸೈನಿಕನ ಜಾತಕ. ಅದರ ಒಂದು ಭಾಗದ ಹೆಸರು ಕಿಂಡ್ರೆಡ್ ರೋಲ್. ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಹೆಂಡತಿ, ಮಕ್ಕಳ ಹೆಸರುಗಳನ್ನೆಲ್ಲ ಅಲ್ಲಿ ಬರೆದಿರುತ್ತಾರೆ. ನಮ್ಮ ಮನೆತನದ ವಂಶಾವಳಿಯನ್ನು ಮೊದಲ ಸಲ ಬರೆದಿಟ್ಟವರು ಯಾರು ಅಂದರೆ ಊರಿನ ಜೋಯಿಸರಲ್ಲ, ಹೆಸರು ಗೊತ್ತಿಲ್ಲದ ಒಬ್ಬ ಮಿಲಿಟರಿ ಗುಮಾಸ್ತ. ಎರಡು ವರ್ಷದ ಮಗುವಾಗಿದ್ದಾಗ ತೀರಿಕೊಂಡ, ಈಗ ಯಾರೂ ಹೆಸರೆತ್ತದ ಒಬ್ಬ ದೊಡ್ಡಮಾವನೂ ಆ ಹಾಳೆಯಲ್ಲಿದ್ದಾನೆ. ಹುಟ್ಟಿದ ದಿನಾಂಕ ಇದೆ. ಮುಂದೆ ಅಡ್ಡಗೆರೆ ಎಳೆದು ಇನ್ನೊಂದು ದಿನಾಂಕ ಇದೆ. ಅವನಿದ್ದ ಎಂಬುದಕ್ಕೆ ಈ ಭೂಮಿ ಮೇಲೆ ಇರುವ ಕಾಗದ ಅದೊಂದೇ.

ಹೀಗಾಗುವುದಕ್ಕೆ ಕಾರಣ ಪಾರ್ಟ್ ಟು ಆರ್ಡರ್ ಎಂಬ ಪದ್ಧತಿ. ಸೈನಿಕನಿಗೆ ಮದುವೆಯಾದರೆ, ಮಗು ಹುಟ್ಟಿದರೆ, ಸತ್ತರೆ, ರಜೆಗೆ ಹೋದರೆ, ಬಂದರೆ, ಬಡ್ತಿ ಸಿಕ್ಕರೆ, ಶಿಕ್ಷೆಯಾದರೆ ಪ್ರತಿಯೊಂದನ್ನೂ ಪಲ್ಟನ್ನಿನವರು ಈ ಆದೇಶದಲ್ಲಿ ಪ್ರಕಟಿಸಿ ದಾಖಲೆ ಕಚೇರಿಗೆ ಕಳಿಸಬೇಕು. ಅಲ್ಲಿಂದ ಅದು ಶೀಟ್ ರೋಲಿಗೆ ಏರುತ್ತದೆ. ಏರದೇ ಹೋದ ಮದುವೆ ಸೇನೆಯ ಲೆಕ್ಕದಲ್ಲಿ ಮದುವೆಯೇ ಅಲ್ಲ. ಪಾರ್ಟ್ ಟು ಆಗಿಲ್ಲ ಎಂಬ ಒಂದೇ ಕಾರಣಕ್ಕೆ ವರ್ಷಗಟ್ಟಲೆ ಅಲೆದ ವಿಧವೆಯರು ನಮ್ಮ ಸುತ್ತಲೇ ಇದ್ದಾರೆ. ಯುದ್ಧದ ಇತಿಹಾಸ ಬರೆಯುವವರು ಈ ಆದೇಶಗಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಅವರಿಗೆ ಪಲ್ಟನ್ನಿನ ವಾರ್ ಡೈರಿ ಸಾಕು. ಮನೆಯ ಇತಿಹಾಸ ಬೇಕಾದವರಿಗೆ ಇದಕ್ಕಿಂತ ದೊಡ್ಡ ನಿಧಿ ಇಲ್ಲ.

ಅಜ್ಜನ ಶೀಟ್ ರೋಲಿನಲ್ಲಿ 1958ರ ಎದುರು ಒಂದು ನಮೂದು ಇತ್ತು. ಸೇನೆಯಲ್ಲಿ ಗಂಭೀರ ಶಿಕ್ಷೆಗಳನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ರೆಡ್ ಇಂಕ್ ಎಂಟ್ರಿ ಅಂದರೆ ಸಿಪಾಯಿಗಳ ಎದೆ ಝಲ್ಲೆನ್ನುತ್ತದೆ. ಜೆರಾಕ್ಸಿನಲ್ಲಿ ಬಣ್ಣ ಬಂದಿರಲಿಲ್ಲ, ನಿವೃತ್ತ ಸುಬೇದಾರರೊಬ್ಬರು ನೋಡಿ ಹೇಳಿದರು. ರಜೆ ಮೀರಿ ಒಂಬತ್ತು ದಿನ ತಡವಾಗಿ ಹಾಜರಾದದ್ದಕ್ಕೆ 14 ದಿನ ಬಂಧನ. ಓಎಸ್‌ಎಲ್ ಅಂತಾರೆ ಅದಕ್ಕೆ, ರಜೆ ಮುಗಿದರೂ ಬಾರದೆ ಉಳಿಯುವುದು.

ಮಾವನಿಗೆ ಪೆಚ್ಚಾಯಿತು. ವೆರಿ ಗುಡ್ ಯಾಕೆ ಅಂತ ಗೊತ್ತಾಯಿತು, ಆದರೆ ಗೊತ್ತಾಗದಿದ್ದರೇ ಚೆನ್ನಾಗಿತ್ತು ಅನ್ನುವ ಮುಖ. ಅಮ್ಮ ಮಾತ್ರ ತಿಂಗಳು ನೋಡಿದಳು. ಅದು ಅಜ್ಜನ ತಾಯಿ ತೀರಿಕೊಂಡ ತಿಂಗಳು. ಅಜ್ಜ ಆಗ ರಜೆಯಲ್ಲಿ ಊರಿಗೆ ಬಂದಿದ್ದರು. ವಾಪಸು ಹೊರಡಲು ಎರಡು ದಿನ ಇದ್ದಾಗ ಮುತ್ತಜ್ಜಿ ಹೋದಳು. ಅಜ್ಜ ಹನ್ನೊಂದನೇ ದಿನದ ಕೆಲಸ ಮುಗಿಸಿಯೇ ಹೊರಟರು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ರಜೆ ಹೆಚ್ಚು ಮಾಡಿಸಲು ಟೆಲಿಗ್ರಾಂ ಕೊಟ್ಟಿದ್ದೇನೆ, ಸಾಹೇಬರು ಒಳ್ಳೆಯವರು, ಒಪ್ಪಿದ್ದಾರೆ ಎಂದು ಅಜ್ಜ ಅಣ್ಣನಿಗೆ, ಹೆಂಡತಿಗೆ, ಊರವರಿಗೆಲ್ಲ ಹೇಳಿದ್ದರು. ಆ ಒಳ್ಳೆಯ ಸಾಹೇಬರ ಕಥೆ ಕೇಳಿಯೇ ಅಮ್ಮ ಬೆಳೆದದ್ದು.

ಸಾಹೇಬರು ಒಪ್ಪಿರಲಿಲ್ಲ. ಗೈರುಹಾಜರಿಯ ದಿನಗಳಿಗೂ ಬಂಧನದ ದಿನಗಳಿಗೂ ಸಂಬಳ ಕಡಿತ. ಇದೆಲ್ಲ ಗೊತ್ತಿದ್ದೇ ಅಜ್ಜ ಉಳಿದಿದ್ದರು. ಆಮೇಲೆ ಮೂವತ್ತೆಂಟು ವರ್ಷ ಬದುಕಿದ್ದರು, ಒಬ್ಬರ ಮುಂದೆಯೂ ಬಾಯಿ ಬಿಡಲಿಲ್ಲ.

ಮಾವ ಅಜ್ಜಿಗೆ ಹೇಳಲೋ ಬೇಡವೋ ಅಂತ ಎರಡು ದಿನ ಯೋಚಿಸಿ ಹೇಳಿದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅದಕ್ಕೇ ಅದರ ಮುಂದಿನ ತಿಂಗಳು ಮನಿಯಾರ್ಡರ್ ಬರಲಿಲ್ಲ” ಅಂದಳು. ನಲವತ್ತು ವರ್ಷಕ್ಕೂ ಮಿಕ್ಕಿ ಅವಳು ಆ ಬಾರದ ಮನಿಯಾರ್ಡರನ್ನು ನೆನಪಿಟ್ಟುಕೊಂಡಿದ್ದಳು. ಕಾಗದದ ಅರ್ಧ ಸೇನೆಯ ಕಪಾಟಿನಲ್ಲಿತ್ತು, ಇನ್ನರ್ಧ ಅವಳ ತಲೆಯಲ್ಲಿತ್ತು. ಒಂದನ್ನೊಂದು ನೋಡಿರಲಿಲ್ಲ.

ಜನರಲ್ ತಿಮ್ಮಯ್ಯನವರು ಹುಟ್ಟಿದ ಮಡಿಕೇರಿಯ ಸನ್ನಿಸೈಡ್ 2021ರಲ್ಲಿ ಮ್ಯೂಸಿಯಂ ಆಗಿದೆ. ಆಗಬೇಕಾದದ್ದೇ, ಹೋಗಿ ನೋಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಹವಲ್ದಾರನಿಗೆ ಮ್ಯೂಸಿಯಂ ಕಟ್ಟಲು ಆಗುವುದಿಲ್ಲ, ಕಟ್ಟಬೇಕಾಗಿಯೂ ಇಲ್ಲ. ಆದರೆ ಅವನ ಹಾಳೆ ಸಿಗುತ್ತದೆ. ಪಲ್ಟನ್ ಯಾವುದೆಂದು ತಿಳಿದರೆ ದಾಖಲೆ ಕಚೇರಿ ಎಲ್ಲಿದೆಯೆಂದು ತಿಳಿಯುವುದು ಕಷ್ಟವಲ್ಲ. ಮದ್ರಾಸ್ ಸ್ಯಾಪರ್ಸ್‌ನದ್ದು ಬೆಂಗಳೂರಿನಲ್ಲೇ ಇದೆ, ಮರಾಠಾ ಲೈಟ್ ಇನ್‌ಫೆಂಟ್ರಿಯದ್ದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟಿನದ್ದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಫಿರಂಗಿದಳದವರದ್ದು ನಾಸಿಕ್ ರೋಡ್ ಕ್ಯಾಂಪಿನಲ್ಲಿ. ನಂಬರ್, ಹುದ್ದೆ, ಹೆಸರು ಬರೆದು, ವಾರಸುದಾರರೆಂಬ ಪುರಾವೆ ಇಟ್ಟು ಕಾಗದ ಹಾಕಬೇಕು. ನಂಬರಿನ ಮುಂದೆ ಜೆಸಿ ಇದ್ದರೆ ಸುಬೇದಾರ್ ವರ್ಗದವರು, ಐಸಿ ಇದ್ದರೆ ಅಧಿಕಾರಿ. ದಾರಿ ಗೊತ್ತಾಗದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ. ತಾಲ್ಲೂಕು ಕಚೇರಿಯನ್ನೂ ಮರೆಯಬೇಡಿ. ಮಾಜಿ ಸೈನಿಕ ಅಂತ ಜಮೀನು ಮಂಜೂರಾಗಿದ್ದರೆ ಆ ಕಡತದಲ್ಲಿ ಸೇವೆಯ ಪ್ರಮಾಣಪತ್ರದ ನಕಲು ಇದ್ದೇ ಇರಬೇಕು.

ಪಿಂಚಣಿ ಇಲ್ಲದೆ ಬೇಗ ವಾಪಸಾದವರ ಮನೆಯವರು ಮೊದಲು ಬರೆಯಿರಿ. 25 ವರ್ಷದ ಗಡುವು ನಿಮಗೆ.

ಅದಕ್ಕೂ ಮೊದಲು ಮನೆಯಲ್ಲಿ ಅಜ್ಜಿ ಇದ್ದರೆ ಅವಳ ಹತ್ತಿರ ಕೂತು, ಯಾವ ತಿಂಗಳು ಮನಿಯಾರ್ಡರ್ ಬರಲಿಲ್ಲ ಅಂತ ಕೇಳಿ ಬರೆದುಕೊಳ್ಳಿ. ಡಿಸ್ಚಾರ್ಜ್ ಬುಕ್ಕಿನ ಪ್ರತಿ ಪುಟ, ಪದಕಗಳ ಅಂಚು, ಫೋಟೊಗಳ ಬೆನ್ನು, ಲಕೋಟೆಯ ಮುದ್ರೆ ಎಲ್ಲದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಮನೆಯ ನಾಲ್ಕು ಜನಕ್ಕೆ ಕಳಿಸಿಡಿ. ಪದಕಕ್ಕೆ ಹುಣಸೆಹಣ್ಣು ಬೇಡ. ಕಾಗದಕ್ಕೆ ಲ್ಯಾಮಿನೇಶನ್ ಅಂತೂ ಮಾಡಿಸಲೇಬೇಡಿ.